ಮೂವತ್ತೆರಡರ ಲೆಕ್ಕ

ಶಿಗ್ಲಿ ನೇಕಾರರ ಊರು. ಸೀರೆ ಕೊಳ್ಳಲು ಬಂದವರು ನಿತ್ಯಕ್ಕೊಂದು, ಲಗ್ನಕ್ಕೊಂದು ಅಂತ ಬೇರೆ ಬೇರೆ ಆರಿಸುತ್ತಾರೆ. ಲಕ್ಷ್ಮೇಶ್ವರ, ಶಿರಹಟ್ಟಿ ಸೀಮೆಯಲ್ಲಿ ರಿವಾಲ್ವರ್ ಪರವಾನಗಿ ಇರುವವರು ಬೆರಳೆಣಿಕೆಯ ಮಂದಿ: ಬಂಗಾರದ ಅಂಗಡಿಯವರು, ದೊಡ್ಡ ಹೊಲಮನೆಯವರು, ಫೌಜಿನಿಂದ ನಿವೃತ್ತರಾಗಿ ಬಂದವರು. ಗುಂಡು ಕೊಳ್ಳುವಾಗ ಇವರ ಮನಸ್ಸೂ ಸೀರೆಯಂಗಡಿಯ ದಾರಿಯನ್ನೇ ಹಿಡಿಯುತ್ತದೆ. "ಕೈ ಕುದುರಾಕ ಅಗ್ಗದ್ದ ಒಂದಿಷ್ಟು, ಮನ್ಯಾಗ ಇಡಾಕ ಜೋರಿಂದ ಒಂದಿಷ್ಟು ಕೊಡ್ರಿ." ಸೀರೆಗೆ ಇದು ಸರಿ. ರಿವಾಲ್ವರಿಗೆ ಹೊಂದುವುದಿಲ್ಲ. ಅದಕ್ಕೆ ಅರ್ಧ ಕಾರಣ ಕಾನೂನಿನಲ್ಲಿದೆ, ಇನ್ನರ್ಧ ಭೌತಶಾಸ್ತ್ರದಲ್ಲಿದೆ.

ಕಾನೂನಿನದು ಬೇಗ ಮುಗಿಯುತ್ತದೆ. ಸೇನೆ, ಪೊಲೀಸರ ಕಾಡತೂಸು ಹಿಡಿಯುವ .38, .455, 9 ಎಂಎಂ ಅಳತೆಯ ಆಯುಧಗಳು ನಮ್ಮಲ್ಲಿ 'ನಿಷೇಧಿತ ಬೋರ್' ಪಟ್ಟಿಯಲ್ಲಿವೆ. ಸಾಮಾನ್ಯ ಪರವಾನಗಿದಾರನಿಗೆ ಉಳಿಯುವುದು ಹೆಚ್ಚಾಗಿ .32. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್‌ಗಳು ಇದೇ ಅಳತೆಯವು. 2014ರಲ್ಲಿ ಮಹಿಳೆಯರಿಗೆಂದು ಪ್ರಚಾರ ಮಾಡಿ ಸುಮಾರು ₹1.22 ಲಕ್ಷಕ್ಕೆ ಮಾರುಕಟ್ಟೆಗೆ ಬಿಟ್ಟ, ಅರ್ಧ ಕಿಲೋ ತೂಕದ 'ನಿರ್ಭೀಕ್' ಕೂಡ .32. ದೇಶೀಯ ಕಾಡತೂಸು ಬಹುಪಾಲು ಬರುವುದು ಪುಣೆ ಪಕ್ಕದ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಿಂದ. 1869ರಲ್ಲಿ ಶುರುವಾದ ಆ ಕಾರ್ಖಾನೆಯ ಗುರುತಾದ 'ಕೆಎಫ್' ಅಕ್ಷರಗಳು ಕಾಡತೂಸಿನ ತಳದಲ್ಲಿ ಕೆತ್ತಿರುತ್ತವೆ. ಆಮದು ಮಾಲು ಸಿಕ್ಕರೂ ಬೆಲೆ ಹಲವು ಪಟ್ಟು. ಒಮ್ಮೆಗೆ ಎಷ್ಟು ಕಾಡತೂಸು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ಬರೆದಿರುತ್ತದೆ. ಹಾಗಾಗಿ ಆಯ್ಕೆ ಎಂಬುದು ಮೊದಲೇ ಇಕ್ಕಟ್ಟಿನದು. ಈ ಭಾಗಕ್ಕೆ ಶಸ್ತ್ರ ಕಾನೂನಿನ ಬಿಗಿ ಹೊಸದೇನಲ್ಲ. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು ಬಂಡೆದ್ದರು. ಮರುವರ್ಷ ಇಲ್ಲೇ ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳ ಮೇಲೆ ಬ್ರಿಟಿಷರು ಕೈಯಿಟ್ಟದ್ದು ಮುಂಡರಗಿ ಭೀಮರಾಯನ ದಂಗೆಗೆ ಕಿಡಿಯಾಯಿತು. ಈಗಿನದು 1959ರ ಕಾಯ್ದೆ ಮತ್ತು 2016ರ ನಿಯಮಗಳು. ಚುನಾವಣೆ ಬಂತೆಂದರೆ ಬಂದೂಕು ಠಾಣೆಗೆ ಒಪ್ಪಿಸಬೇಕಾಗಿ ಬರಬಹುದು ಎಂಬುದು ಪರವಾನಗಿ ಇದ್ದವರಿಗೆಲ್ಲ ಗೊತ್ತಿರುವ ಸಂಗತಿ.

ಇನ್ನು ಕಾಡತೂಸನ್ನೇ ಕೈಯಲ್ಲಿ ಹಿಡಿದು ನೋಡೋಣ. ಹಿತ್ತಾಳೆಯ ಪುಟ್ಟ ಖೋಲು, ಅದರ ತಳಕ್ಕೆ ಸುತ್ತ ಒಂದು ಅಂಚು, ನಡುವೆ ಪೆಟ್ಟು ಬಿದ್ದರೆ ಕಿಡಿ ಕಾರುವ ಕ್ಯಾಪು, ಒಳಗೆ ಕಾಲು ಗ್ರಾಂ ಕೂಡ ತೂಗದ ಹೊಗೆರಹಿತ ಮದ್ದು, ತುದಿಯಲ್ಲಿ ದುಂಡು ಮೂತಿಯ ಸೀಸದ ಗುಂಡು. ಗುಂಡಿನ ತೂಕ 98 ಗ್ರೇನ್, ಅಂದರೆ 6.35 ಗ್ರಾಂ; ಅಕ್ಕಸಾಲಿಗರ ಲೆಕ್ಕದಲ್ಲಿ ಅರ್ಧ ತೊಲೆಯ ಮೇಲೆ ಸ್ವಲ್ಪ. ಸಣ್ಣ ನಳಿಕೆಯಿಂದ ಅದು ಸೆಕೆಂಡಿಗೆ 215 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಚಲನಶಕ್ತಿ ಸುಮಾರು 150 ಜೌಲ್. 9 ಎಂಎಂ ಪಿಸ್ತೂಲಿನದು ಇದರ ಮೂರು ಪಟ್ಟು, ಹಳೆಯ .303 ರೈಫಲ್ಲಿನದು ಇಪ್ಪತ್ತು ಪಟ್ಟು.

ಈ ಅಂಕಿ ಕೇಳಿದ ಕೂಡಲೇ ".32 ಅಂದ್ರ ಆಟಗಿ ಸಾಮಾನು" ಎನ್ನುವವರಿದ್ದಾರೆ. ಅವರ ತಲೆಯಲ್ಲಿರುವುದು ಸಿನಿಮಾ. ಅಲ್ಲಿ ಗುಂಡು ತಾಗಿದ ಖಳನಾಯಕ ಹಾರಿ ಗೋಡೆಗೆ ಅಪ್ಪಳಿಸುತ್ತಾನೆ. ನ್ಯೂಟನ್ ಅದಕ್ಕೆ ಒಪ್ಪುವುದಿಲ್ಲ. 6.35 ಗ್ರಾಂ ಗುಂಡು 215 ಮೀಟರ್ ವೇಗದಲ್ಲಿ ಹೊತ್ತೊಯ್ಯುವ ಸಂವೇಗವನ್ನು 65 ಕಿಲೋದ ಮನುಷ್ಯನಿಗೆ ಪೂರ್ತಿ ಕೊಟ್ಟರೂ ಆತ ಹಿಂದೆ ಸರಿಯುವುದು ಸೆಕೆಂಡಿಗೆ 2 ಸೆಂಟಿಮೀಟರ್ ವೇಗದಲ್ಲಿ. 9 ಎಂಎಂ ಆದರೂ ಅದು ನಾಲ್ಕೈದು ಸೆಂಟಿಮೀಟರ್ ಆದೀತು, ಅಷ್ಟೆ. ಗುಂಡು ಯಾರನ್ನೂ ನೂಕುವುದಿಲ್ಲ. ಅದು ಎಲ್ಲಿ ಹೊಕ್ಕಿತು, ಎಷ್ಟು ಆಳ ಹೋಯಿತು ಎಂಬುದರ ಮೇಲೆ ಪರಿಣಾಮ ನಿಂತಿದೆ.

ಅಮೆರಿಕದ ಎಫ್‌ಬಿಐ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತದ್ದು. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ದರೋಡೆಕೋರರ ಜೊತೆ ನಡೆದ ಕಾಳಗದಲ್ಲಿ ಅದರ ಇಬ್ಬರು ಏಜೆಂಟರು ಸತ್ತರು. ಅವರ ಕಡೆಯ ಒಂದು ಗುಂಡು ದರೋಡೆಕೋರನಿಗೆ ಕಾದಾಟದ ಆರಂಭದಲ್ಲೇ ತಾಗಿತ್ತು. ಅದು ಮೂತಿ ಅರಳುವ, ಹೆಸರುವಾಸಿ, ದುಬಾರಿ ಗುಂಡು. ಆದರೆ ಅರಳಿದ್ದರಿಂದಲೇ ವೇಗ ಕಳೆದುಕೊಂಡು ಹೃದಯದ ಹೊಸ್ತಿಲಲ್ಲಿ ನಿಂತುಬಿಟ್ಟಿತು. ಆತ ಮತ್ತಷ್ಟು ಹೊತ್ತು ಗುಂಡು ಹಾರಿಸುತ್ತಲೇ ಇದ್ದ. ಆಮೇಲೆ ಆ ಸಂಸ್ಥೆ ಮಾಂಸದಷ್ಟು ಮೆದುವಾದ ಜೆಲಾಟಿನ್ ಗಡ್ಡೆಗೆ ಹೊಡೆದು, 12ರಿಂದ 18 ಇಂಚು ಇಳಿಯುವ ಗುಂಡೇ ತಕ್ಕದ್ದು ಎಂಬ ಅಳತೆಗೋಲು ಮಾಡಿಕೊಂಡಿತು.

'ಮನೆಗೆ ಜೋರಿಂದು' ಎಂದು ಕೇಳುವವರ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಇಂಥದೇ ಮೂತಿ ತೂತಿನ ಆಮದು ಗುಂಡು. ಅದು ಅರಳಬೇಕಾದರೆ ಮುಂದಿನ ತೂತಿಗೆ ನುಗ್ಗುವ ದ್ರವದ ಒತ್ತಡ ಸಾಕಷ್ಟು ಇರಬೇಕು. ಈ ಒತ್ತಡ ವೇಗದ ವರ್ಗಕ್ಕೆ ಅನುಗುಣ. 215ರ ವರ್ಗವನ್ನು 9 ಎಂಎಂ ಗುಂಡಿನ 350ರ ವರ್ಗದ ಪಕ್ಕ ಇಟ್ಟು ನೋಡಿ: ಶೇ 40 ಕೂಡ ಇಲ್ಲ. ಹೀಗಾಗಿ .32ರ ಮೂತಿ ತೂತಿನ ಗುಂಡು ಬಹಳ ಸಲ ಅರಳದೆ, ಮಾಮೂಲಿ ಸೀಸದ ಗುಂಡಿನಂತೆಯೇ ಸಾಗುತ್ತದೆ. ಅಕಸ್ಮಾತ್ ಅರಳಿದರೆ ಆಳ ಸಾಲುವುದಿಲ್ಲ. ಎರಡರಲ್ಲಿ ಯಾವುದಾದರೂ ಹಲವು ಪಟ್ಟು ಕೊಟ್ಟ ದುಡ್ಡು ನೀರಿಗೆ ಹೋದ ಹಾಗೆ. ದುಂಡು ಮೂತಿಯ ಕೆಎಫ್ ಗುಂಡು ಅರಳುವ ಗೋಜಿಗೇ ಹೋಗದೆ ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಅದು ಅಗ್ಗದ್ದೂ ಹೌದು, ಈ ಅಳತೆಗೆ ತಕ್ಕದ್ದೂ ಹೌದು.

ಆಳಕ್ಕೆ ಇಳಿಯುವ ಗುಂಡಿಗೆ ಇನ್ನೊಂದು ಮುಖವಿದೆ. ಗುರಿ ತಪ್ಪಿದರೆ ಅದು ಎಲ್ಲಿ ನಿಲ್ಲುತ್ತದೆ? ಹಳೆಯ ಮಣ್ಣುಗೋಡೆ ತಡೆದೀತು. ತಗಡಿನ ಬಾಗಿಲು, ಹಲಗೆ, ಕಿಟಕಿ ತಡೆಯುವುದಿಲ್ಲ. ಮನೆಗೆ ಮನೆ ಅಂಟಿಕೊಂಡ ಓಣಿಯಲ್ಲಿ ಆಚೆ ಮಗ್ಗದ ಮುಂದೆ ಯಾರೋ ಕೂತಿರುತ್ತಾರೆ. ಆಕಾಶಕ್ಕೆ ಹಾರಿಸಿದ್ದು ಕೂಡ ಓರೆಯಾಗಿ ಹೋದರೆ ಒಂದು ಕಿಲೋಮೀಟರಿಗೂ ಆಚೆ ಬೀಳಬಲ್ಲದು. ಮದುವೆ ಮೆರವಣಿಗೆಯಲ್ಲಿ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಶಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನನ್ನನ್ನು ಕೇಳಿದರೆ, ಮನೆ ಕಾಯುವ ಮೊದಲ ದುಡ್ಡು ಒಳ್ಳೆಯ ಚಿಲಕಕ್ಕೆ ಹೋಗಬೇಕು.

ಆಮೇಲೂ ರಿವಾಲ್ವರಿಗೆಂದು ಖರ್ಚು ಮಾಡುವುದಿದ್ದರೆ ಅದು ಗುಂಡಿನ ಮೂತಿಗಲ್ಲ, ಕೈಗೆ. ಲೆಕ್ಕ ನೋಡಿ. ರಿವಾಲ್ವರಿನ ಹಿಂದಿನ, ಮುಂದಿನ ಗುರಿಕಂಬಿಗಳ ನಡುವೆ 11 ಸೆಂಟಿಮೀಟರ್ ಇದೆ ಎಂದುಕೊಳ್ಳೋಣ. ಟ್ರಿಗರ್ ಎಳೆಯುವಾಗ ಮುಂದಿನ ಕಂಬಿ ಎರಡೇ ಮಿಲಿಮೀಟರ್ ವಾಲಿತು. ಏಳು ಮೀಟರ್ ದೂರದಲ್ಲಿ, ಅಂದರೆ ಪಡಸಾಲೆಯಿಂದ ಅಂಗಳದಾಚೆಗೆ, ಗುಂಡು ಸುಮಾರು 13 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಪ್ರಪಂಚದ ಯಾವ ದುಬಾರಿ ಕಾಡತೂಸೂ ಆ ಎರಡು ಮಿಲಿಮೀಟರನ್ನು ಸರಿಪಡಿಸುವುದಿಲ್ಲ.

ಅದನ್ನು ಸರಿಪಡಿಸುವ ಅಭ್ಯಾಸಕ್ಕೆ ಬಹುಪಾಲು ಗುಂಡೇ ಬೇಡ. ರಿವಾಲ್ವರ್ ಖಾಲಿ ಮಾಡಿ, ಸಿಲಿಂಡರಿನ ಆರೂ ಕೋಣೆಗಳಲ್ಲಿ ಬೆರಳಾಡಿಸಿ ನೋಡಿ, ಕಾಡತೂಸುಗಳನ್ನು ಮನೆಯ ಬೇರೆ ಕೋಣೆಯಲ್ಲಿಟ್ಟು, ಕ್ಯಾಪಿನ ಜಾಗದಲ್ಲಿ ಸ್ಪ್ರಿಂಗ್ ಇರುವ ಡಮ್ಮಿ ತುಂಬಿ, ದಪ್ಪ ಗೋಡೆಯ ಕಡೆಗೆ ಹಿಡಿದು ಟ್ರಿಗರ್ ಎಳೆಯುವುದು. ಕಂಬಿ ಅಲುಗುತ್ತದೆಯೇ ಎಂದು ಕಣ್ಣಿಟ್ಟು ನೋಡುವುದು. ಡಮ್ಮಿ ಕೊಂಡ ಮೇಲೆ ಇದು ಪೈಸೆ ಖರ್ಚಿಲ್ಲದ ಕಲಿಕೆ. ಎರಡನೆಯದು .177 ಏರ್ ಪಿಸ್ತೂಲು. 20 ಜೌಲ್ ಮೀರದಿದ್ದರೆ ಪರವಾನಗಿಯೂ ಬೇಡ, ಛರ್ರೆಯ ಬೆಲೆಯೂ ತೀರ ಕಡಿಮೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಉಸಿರು, ಹಿಡಿತ, ಬೆರಳಿನ ಎಳೆತ ಅಲ್ಲೂ ಇವೇ.

ಅಸಲಿ ಕಾಡತೂಸು ಬೇಕಾಗುವುದು ಒದೆತಕ್ಕೆ ಕೈ ಒಗ್ಗಿಸಲು. ಗುಂಡು ಮುಂದಕ್ಕೆ ಹೋದಷ್ಟೇ ಸಂವೇಗದಲ್ಲಿ ರಿವಾಲ್ವರ್ ಹಿಂದಕ್ಕೆ ಬರುತ್ತದೆ. 700 ಗ್ರಾಂ ತೂಕದ್ದಾದರೆ ಸೆಕೆಂಡಿಗೆ 2 ಮೀಟರ್, 500 ಗ್ರಾಮಿನದಾದರೆ 2.7 ಮೀಟರ್; ಮದ್ದಿನ ಅನಿಲದ ಪಾಲು ಬೇರೆ. ಹಗುರ ಆಯುಧ ಸೊಂಟಕ್ಕೆ ಸುಖ, ಮಣಿಕಟ್ಟಿಗೆ ಕಷ್ಟ. ಆದರೂ .32ರ ಒದೆತ ಸೌಮ್ಯವಾದದ್ದೇ. 1896ರಲ್ಲಿ ಹುಟ್ಟಿದ ಈ ಕಾಡತೂಸಿನ ಸಪಾಟು ಮೂತಿಯ ಅವತಾರವನ್ನು ಜಗತ್ತಿನ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧಿಗಳು ಇವತ್ತಿಗೂ ಬಿಟ್ಟಿಲ್ಲ. ನಮ್ಮವರು ಆಟಿಕೆ ಎಂದದ್ದನ್ನು ಗುರಿಕಾರರು ಮೆಚ್ಚಿದ್ದು ಅದರ ಈ ಮೆದು ಗುಣಕ್ಕೇ. ಅಭ್ಯಾಸ ಎಂದು ಹೊಲದಲ್ಲಿ ಹೊಡೆಯುವ ಹಾಗಿಲ್ಲ. ಕಾನೂನು ಹಾಗಿರಲಿ, ಕಪ್ಪತಗುಡ್ಡದ ಸೆರಗಿನ ಕಲ್ಲು ನೆಲಕ್ಕೆ ಓರೆಯಾಗಿ ತಾಗಿದ ಸೀಸ ಚಿಮ್ಮಿ ಯಾವ ದಿಕ್ಕಿಗೆ ಹೋದೀತೋ ಹೇಳಲಾಗದು. ಮಾನ್ಯತೆ ಪಡೆದ ರೇಂಜಿಗೇ ಹೋಗಬೇಕು.

ಕೊಳ್ಳುವಾಗ ಒಂದು ಎಚ್ಚರ. '.32 ಕೊಡ್ರಿ' ಅಂದರೆ ಸಾಲದು; ರಿವಾಲ್ವರಿನ '.32 ಲಾಂಗ್' ಎಂದೇ ಕೇಳಬೇಕು. .32 ಪಿಸ್ತೂಲಿನ ಕಾಡತೂಸು ಅಂದರೆ 7.65 ಎಂಎಂ, ಅದು ಬೇರೆ ಜಾತಿ. ತಳದ ಅಂಚು ತುಸುವೇ ಹೊರಚಾಚಿರುವುದರಿಂದ ಕೆಲವು ರಿವಾಲ್ವರಿನ ಕೋಣೆಗೆ ಇಳಿದೂ ಬಿಡುತ್ತದೆ. ಆದರೆ ರಿವಾಲ್ವರಿನ .32 ಲಾಂಗ್‌ಗೆ ಗರಿಷ್ಠ ಒತ್ತಡ 15,000 ಪಿಎಸ್‌ಐ, ಪಿಸ್ತೂಲಿನದಕ್ಕೆ 20,500. ಅಗ್ಗಕ್ಕೆ ಸಿಕ್ಕಿತೆಂದು, ಕೋಣೆಗೆ ಹಿಡಿಯಿತೆಂದು ಹಾರಿಸಬಾರದು. ಖಾಲಿ ಖೋಲಿಗೆ ಮನೆಯಲ್ಲಿ ಮದ್ದು ತುಂಬಿಕೊಡುವವರ ಮಾಲಂತೂ ಬೇಡವೇ ಬೇಡ. ಪರವಾನಗಿ ಇಲ್ಲದ ತಯಾರಿಕೆ ಅಪರಾಧ. ಮದ್ದು ಕಡಿಮೆ ಬಿದ್ದ ಕಾಡತೂಸು 'ಟುಸ್' ಎಂದು ಗುಂಡನ್ನು ನಳಿಕೆಯ ನಡುವೆ ಸಿಕ್ಕಿಸಿ ಬಿಡುತ್ತದೆ. ಸದ್ದು ಸಣ್ಣದಾಯಿತೆಂದರೆ ಅಲ್ಲಿಗೇ ನಿಲ್ಲಿಸಬೇಕು. ಹಿಂದಿನಿಂದ ಇನ್ನೊಂದು ಬಂತೋ, ನಳಿಕೆ ಒಡೆಯುತ್ತದೆ.

ಅಭ್ಯಾಸದ ಗುಂಡಿಗೂ ರಕ್ಷಣೆಯ ಗುಂಡಿಗೂ ವ್ಯತ್ಯಾಸ ಇರಲೇಬೇಕೆಂದರೆ ಅದು ವಯಸ್ಸಿನದು. ಚರ್ಮದ ಪಟ್ಟಿಯ ಕುಣಿಕೆಗಳಲ್ಲಿ ವರ್ಷಗಟ್ಟಲೆ ಬಿಟ್ಟ ಕಾಡತೂಸನ್ನು ತೆಗೆದು ನೋಡಿ: ಚರ್ಮ ಹದ ಮಾಡಿದ ಆಮ್ಲಗಳು ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸಿರುತ್ತವೆ, ಸೀಸದ ಮೇಲೆ ಬಿಳಿ ಪುಡಿ ಎದ್ದಿರುತ್ತದೆ. ಒರೆಸಲೆಂದು ಎಣ್ಣೆ ಹಚ್ಚಿದರೆ ಅದು ಕ್ಯಾಪಿನ ಸಂದಿಯಿಂದ ಒಳಗಿಳಿದು ಕಿಡಿಯನ್ನೇ ಕೊಲ್ಲಬಹುದು. ತೇವವಿಲ್ಲದ, ತಂಪಾದ ಕಪಾಟಿನಲ್ಲಿ, ಬೀಗ ಹಾಕಿ, ಮೂಲ ಪೊಟ್ಟಣದಲ್ಲೇ ಇಡುವುದು ಮೇಲು. ಪೊಟ್ಟಣದ ಮೇಲೆ ಕೊಂಡ ತಿಂಗಳು, ವರ್ಷ ಬರೆದಿಡಿ. ಪ್ರತಿವರ್ಷ ಹೊಸದನ್ನು ತಂದಾಗ ಹಿಂದಿನ ಪೊಟ್ಟಣ ರೇಂಜಿಗೆ ಹೋಗಲಿ, ಹೊಸದು ಕಪಾಟಿಗೆ ಬರಲಿ. ಕೈಗೆ ಒಗ್ಗಿದ ಒದೆತ, ಕಣ್ಣಿಗೆ ಒಗ್ಗಿದ ಗುರಿ, ಮನೆಯಲ್ಲಿರುವ ಗುಂಡು ಮೂರೂ ಒಂದೇ ಆಗಿರುತ್ತವೆ. ಕಿಲುಬು ಹತ್ತಿದವು, ಖೋಲು ಸೀಳಿದವು ಹಾರಿಸಲೂ ಬಾರದು. ಅವನ್ನು ಪರವಾನಗಿ ಅಂಗಡಿಗೋ ಠಾಣೆಗೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ರೇಂಜಿನಿಂದ ಬಂದವರು ಊಟಕ್ಕೆ ಕೂಡುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯಬೇಕು, ಆ ಅಂಗಿಯಲ್ಲೇ ಮಕ್ಕಳನ್ನು ಎತ್ತಿಕೊಳ್ಳಬಾರದು. ಗುಂಡಿನಲ್ಲೂ ಕ್ಯಾಪಿನಲ್ಲೂ ಇರುವ ಸೀಸ ಕಣ್ಣಿಗೆ ಕಾಣದ ಪುಡಿಯಾಗಿ ಕೈಗೆ, ಬಟ್ಟೆಗೆ ಅಂಟಿರುತ್ತದೆ.