ಕಾಯಕಕ್ಕೆ ಸೈಕಲ್ ಸವಾರಿ: ಹಿಂದಿನ ಸಂಜೆಯ ಸಿದ್ಧತೆ

ದುಡಿಮೆಯನ್ನೇ ಪೂಜೆಯೆಂದು ಬಗೆದ ಶರಣ ಪರಂಪರೆಯಲ್ಲಿ ಕಾಯಕವು ಎಷ್ಟು ಮುಖ್ಯವೋ, ಕಾಯಕದ ಸ್ಥಳವನ್ನು ಹೊತ್ತಿಗೆ ಸರಿಯಾಗಿ ಸೇರುವುದೂ ಅಷ್ಟೇ ಮುಖ್ಯವಾದುದು. ಗದಗ-ಬೆಟಗೇರಿ ಅವಳಿ ನಗರದ ಮಟ್ಟಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಬೆಟಗೇರಿಯ ಮಗ್ಗದ ಮನೆಗಳು, ಗದಗಿನ ಮುದ್ರಣಾಲಯಗಳು, ಹತ್ತಿ ಮತ್ತು ಕಾಳುಕಡಿಯ ಮಾರುಕಟ್ಟೆ, 1997ರಲ್ಲಿ ಗದಗು ಪ್ರತ್ಯೇಕ ಜಿಲ್ಲೆಯಾದ ತರುವಾಯ ಬಂದ ಸರಕಾರಿ ಕಚೇರಿಗಳು, ಇವುಗಳಿಗೆಲ್ಲ ಓಣಿ ಓಣಿಗಳಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಜನರು ನಿತ್ಯ ಬಂದು ಹೋಗುತ್ತಾರೆ. ಒಂದು ಕಾಲಕ್ಕೆ ಅವರಲ್ಲಿ ಬಹುಜನರ ವಾಹನ ಸೈಕಲ್ಲೇ ಆಗಿತ್ತು. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ತಾಸಿನ ಲೆಕ್ಕದಲ್ಲಿ ಸೈಕಲ್ಲುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಪೇಟೆಯಲ್ಲಿ ಸಾಲಾಗಿದ್ದವು. ಇಂದು ಆ ಸ್ಥಾನವನ್ನು ಮೋಟಾರ್ ಸೈಕಲ್ ಆಕ್ರಮಿಸಿಕೊಂಡಿದೆ.

ಮತ್ತೆ ಸೈಕಲ್ ಹಿಡಿಯಬೇಕೆಂದು ಸಂಕಲ್ಪ ಮಾಡಿದ ಹಲವರನ್ನು ನಾವು ಕಂಡಿದ್ದೇವೆ. ಒಂದು ವಾರ ಉತ್ಸಾಹದಿಂದ ಹೋಗುತ್ತಾರೆ. ಎಂಟನೆಯ ದಿನ ಗಾಳಿ ಇಳಿದಿರುತ್ತದೆ, ಪಂಪು ಸಿಗುವುದಿಲ್ಲ, ಹೊತ್ತು ಮೀರುತ್ತದೆ, ಸೈಕಲ್ಲು ಗೋಡೆ ಸೇರುತ್ತದೆ. ಅವರ ಸಂಕಲ್ಪದಲ್ಲಿ ಕೊರತೆ ಇರಲಿಲ್ಲ, ವ್ಯವಸ್ಥೆಯಲ್ಲಿ ಇತ್ತು. ಸೈಕಲ್ಲಿನಿಂದ ಕೆಲಸಕ್ಕೆ ಹೋಗುವ ನೇಮ ಉಳಿಯುವುದು ಹಿಂದಿನ ಸಂಜೆಯ ಸಿದ್ಧತೆಯ ಮೇಲೆ. ಆ ಸಿದ್ಧತೆ ಹೇಗಿರಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಮನೆಯ ಲೆಕ್ಕ

ಮೊದಲು ಖರ್ಚಿನ ಮಾತು. ಹುಲಕೋಟಿಯಿಂದ ಗದಗಿಗೆ ಸುಮಾರು 10 ಕಿ.ಮೀ. ಹೋಗಿ ಬರುವುದೆಂದರೆ ದಿನಕ್ಕೆ 20 ಕಿ.ಮೀ. ಒಂದು ಲೀಟರಿಗೆ 50 ಕಿ.ಮೀ. ಓಡುವ ಮೋಟಾರ್ ಸೈಕಲ್ಲಿಗೆ, ಪೆಟ್ರೋಲಿನ ಬೆಲೆ ಲೀಟರಿಗೆ 100 ರೂಪಾಯಿಯೆಂದು ಹಿಡಿದರೂ, ದಿನಕ್ಕೆ 40 ರೂಪಾಯಿ ಬೇಕು. ತಿಂಗಳಿಗೆ 25 ದಿನದ ಕೆಲಸಕ್ಕೆ 1,000 ರೂಪಾಯಿ, ವರ್ಷಕ್ಕೆ 12,000 ರೂಪಾಯಿ. ಸಾಲದ ಕಂತು, ವಿಮೆ, ರಿಪೇರಿ ಇದರಲ್ಲಿ ಸೇರಿಲ್ಲ. ಮಗ್ಗದಲ್ಲಿಯೋ ಮುದ್ರಣಾಲಯದಲ್ಲಿಯೋ ದುಡಿಯುವ ಗೃಹಸ್ಥನಿಗೆ ಇದು ಮಕ್ಕಳ ವರ್ಷದ ಪುಸ್ತಕ-ಬಟ್ಟೆಯ ಹಣ.

ಎರಡನೆಯದು ಆರೋಗ್ಯ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಬೆಟಗೇರಿಯಿಂದ ಗದಗಿನ ಪೇಟೆಗೆ ಸುಮಾರು 3 ಕಿ.ಮೀ. ಎಂದರೆ 15 ನಿಮಿಷದ ದಾರಿ. ಹೋಗಿ ಬರಲು ಅರ್ಧ ತಾಸು. ವಾರದ ಆರು ದಿನಕ್ಕೆ 180 ನಿಮಿಷ. ಸಕ್ಕರೆ ಕಾಯಿಲೆ ಮನೆಮನೆಗೆ ಬಂದಿರುವ ಈ ಕಾಲದಲ್ಲಿ ವೈದ್ಯರು ಹೇಳುವ ವ್ಯಾಯಾಮ ಕೆಲಸದ ದಾರಿಯಲ್ಲಿಯೇ ಮುಗಿಯುತ್ತದೆ. ಹೃದಯದ ತೊಂದರೆ ಅಥವಾ ಮೊಣಕಾಲಿನ ನೋವು ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.

ಹೊತ್ತಿನ ಲೆಕ್ಕ

ಹೊತ್ತನ್ನು ಕೊನೆಯಿಂದ ಹಿಂದಕ್ಕೆ ಎಣಿಸಬೇಕು. ಕೆಲಸ 10 ಗಂಟೆಗೆ ಎಂದಿಟ್ಟುಕೊಳ್ಳೋಣ. ಬೆವರು ಒರೆಸಿ, ಕೈಕಾಲು ತೊಳೆದು ಅಂಗಿ ಬದಲಿಸಲು 10 ನಿಮಿಷ. ದಾರಿಯಲ್ಲಿ ಆಗಬಹುದಾದ ಅಡಚಣೆಗೆ 15 ನಿಮಿಷ. ಹುಲಕೋಟಿಯವನಿಗೆ, ತಾಸಿಗೆ 12 ಕಿ.ಮೀ. ವೇಗದಲ್ಲಿ, ದಾರಿಗೆ 50 ನಿಮಿಷ. ಒಟ್ಟು ಒಂದು ಕಾಲು ತಾಸು. ಅಂದರೆ 8-45ಕ್ಕೆ ಹೊಸ್ತಿಲು ದಾಟಿರಬೇಕು. ಸ್ನಾನ, ಲಿಂಗಪೂಜೆ, ಪ್ರಸಾದಗಳನ್ನು ಈ ಹೊತ್ತಿನ ಹಿಂದೆ ಜೋಡಿಸಿಕೊಳ್ಳಬೇಕು. ಪೂಜೆಯನ್ನು ಮೊಟಕು ಮಾಡುವುದಕ್ಕಿಂತ ಅರ್ಧ ತಾಸು ಬೇಗ ಏಳುವುದು ಲೇಸು. ಹೊಟ್ಟೆ ತುಂಬ ಉಂಡ ಕೂಡಲೇ ಪೆಡಲು ತುಳಿಯಬಾರದು. ಮುಂಜಾನೆ ಹಗುರವಾಗಿ ಸೇವಿಸಿ ಬುತ್ತಿಯನ್ನು ಕಟ್ಟಿಕೊಳ್ಳುವುದು ಒಳಿತು.

ಹೊಸಬರು ಮೊದಲು ಒಂದು ರವಿವಾರ ಬುತ್ತಿಯ ಭಾರದೊಡನೆ ಇಡೀ ದಾರಿಯನ್ನು ಹೋಗಿ ಬಂದು ಗಡಿಯಾರ ನೋಡಿಕೊಳ್ಳಲಿ. ದಾರಿಯಲ್ಲಿ ಪಂಕ್ಚರ್ ತೆಗೆಯುವ ಅಂಗಡಿ ಎಲ್ಲೆಲ್ಲಿದೆ, ನೀರು ಎಲ್ಲಿ ಸಿಗುತ್ತದೆ, ಏರು ಎಲ್ಲಿದೆ ಎಂಬುದು ಆ ದಿನವೇ ತಿಳಿಯುತ್ತದೆ. ಮೊದಲ ತಿಂಗಳು ವಾರಕ್ಕೆ ಮೂರು ದಿನ ಸಾಕು.

ಮುಂಡರಗಿ, ಲಕ್ಷ್ಮೇಶ್ವರಗಳಂತಹ ದೂರದ ಊರುಗಳಿಂದ ಗದಗಿಗೆ ಬರುವವರಿಗೆ ಸೈಕಲ್ ಒಂದೇ ಸಾಲದು. ಅಂಥವರು ಹಳ್ಳಿಯಿಂದ ಬಸ್ಸು ನಿಲ್ಲುವ ರಸ್ತೆಯವರೆಗೆ ಸೈಕಲ್ಲಿನಲ್ಲಿ ಬಂದು, ಪರಿಚಯದ ಅಂಗಡಿಯಲ್ಲಿ ಅದನ್ನು ಬೀಗ ಹಾಕಿ ನಿಲ್ಲಿಸಿ, ಮುಂದೆ ಬಸ್ಸು ಹಿಡಿಯುವುದು ಉಚಿತ.

ಗಾಳಿ, ಬಿಸಿಲು, ಎರೆಮಣ್ಣು

ಕಪ್ಪತಗುಡ್ಡದ ಸೀಮೆಯ ಗಾಳಿ ಎಂಥದೆಂಬುದಕ್ಕೆ ಅಲ್ಲಿ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮ-ನೈಋತ್ಯದಿಂದ ಬೀಸುತ್ತದೆ. ಆದುದರಿಂದ ಪೂರ್ವದ ಲಕ್ಕುಂಡಿಯಿಂದ ಗದಗಿಗೆ ಬರುವವನಿಗೆ ಮುಂಜಾನೆ ಎದುರುಗಾಳಿ, ಮರಳುವಾಗ ಬೆನ್ನುಗಾಳಿ. ಪಶ್ಚಿಮದ ಹುಲಕೋಟಿಯವನಿಗೆ ಇದು ತಿರುವುಮುರುವು: ದಣಿದ ಸಂಜೆಗೇ ಎದುರುಗಾಳಿ. ಎದುರುಗಾಳಿಯ ಪಾಳಿಗೆ ಕಾಲು ಭಾಗದಷ್ಟು ಹೊತ್ತು ಹೆಚ್ಚು ಹಿಡಿಯಬೇಕು. ಬಿಸಿಲಿನ ಲೆಕ್ಕವೂ ಹೀಗೆಯೇ. ಲಕ್ಕುಂಡಿಯವನಿಗೆ ಎರಡು ಹೊತ್ತೂ ಸೂರ್ಯ ಬೆನ್ನಿಗೆ. ಹುಲಕೋಟಿಯವನಿಗೆ ಎರಡು ಹೊತ್ತೂ ಕಣ್ಣಿಗೆ. ಅಂಥವನು ಅಂಚುಳ್ಳ ಟೊಪ್ಪಿಗೆಯನ್ನೋ ಬಣ್ಣದ ಕನ್ನಡಕವನ್ನೋ ಧರಿಸಬೇಕು. ಸೂರ್ಯ ಕಣ್ಣಿಗೆ ಹೊಡೆಯುವಾಗ ಹಿಂದಿನಿಂದ ಬರುವ ಲಾರಿಯ ಚಾಲಕನಿಗೂ ಸೈಕಲ್ಲು ಕಾಣುವುದಿಲ್ಲ ಎಂಬುದನ್ನು ಮರೆಯಬಾರದು.

ಮಳೆಯಲ್ಲಿ ಎರೆಮಣ್ಣು ಗಾಲಿಗೂ ಮಡಗಾರ್ಡಿಗೂ ನಡುವೆ ತುಂಬಿ ಸೈಕಲ್ಲನ್ನು ಹೊರುವಂತೆ ಮಾಡುತ್ತದೆ. ಹೊಲದ ದಾರಿ ಹತ್ತಿರವಾದರೂ ಆ ದಿನಗಳಲ್ಲಿ ಡಾಂಬರು ರಸ್ತೆಯನ್ನೇ ಆಯ್ದುಕೊಳ್ಳಬೇಕು. ಮಣ್ಣು ಕೆದರಲು ಒಂದು ಚಪ್ಪಟೆ ಕಟ್ಟಿಗೆಯನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡಿರಬೇಕು. ಸುಗ್ಗಿಯಲ್ಲಿ ರೈತರು ರಸ್ತೆಯ ಮೇಲೆಯೇ ಪೈರನ್ನು ಹರವಿರುತ್ತಾರೆ. ದಂಟು ಚೈನಿಗೆ ಸುತ್ತಿಕೊಳ್ಳುತ್ತದೆ, ಕಾಳಿನ ಮೇಲೆ ಗಾಲಿ ಜಾರುತ್ತದೆ. ಅಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಯಾವ ನಷ್ಟವೂ ಇಲ್ಲ.

ಸಂಜೆಯ ಕಾಲು ತಾಸು

ಮನೆಗೆ ಬಂದ ಸಂಜೆಯೇ ನಾಲ್ಕು ಸಂಗತಿಗಳನ್ನು ನೋಡಬೇಕು. ಟಾಯರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿಯನ್ನು ಪರೀಕ್ಷಿಸುವುದು, ಎರಡೂ ಬ್ರೇಕುಗಳನ್ನು ಹಿಡಿದು ನೋಡುವುದು, ಚೈನು ಸಡಿಲಾಗಿದೆಯೇ ಎಂದು ಮುಟ್ಟಿ ನೋಡುವುದು, ದೀಪ ಹೊತ್ತುವುದನ್ನು ಖಚಿತಪಡಿಸಿಕೊಳ್ಳುವುದು. ಜಾಲಿಮುಳ್ಳಿನ ಸೀಮೆಯಾದುದರಿಂದ ಟಾಯರನ್ನು ಸುತ್ತಲೂ ತಿರುವಿ ಕಾಣಬೇಕು. ದಾರಿಯ ನಡುವೆ ಮುಳ್ಳು ಕಂಡರೆ, ಗಾಳಿ ನಿಂತಿರುವವರೆಗೆ ಅದನ್ನು ಕೀಳದೆ ಅಂಗಡಿಯವರೆಗೆ ಹೋಗುವುದು ಜಾಣತನ. ಕಿತ್ತರೆ ಗಾಳಿ ಅಲ್ಲಿಯೇ ಇಳಿದುಹೋಗುತ್ತದೆ. ಸೀಟಿನ ಎತ್ತರಕ್ಕೆ ಸುಲಭವಾದ ಅಳತೆಯಿದೆ: ಪೆಡಲು ಪೂರ್ಣ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಿರಬೇಕು. ಸೀಟು ತಗ್ಗಾದರೆ ಮೊಣಕಾಲಿಗೆ ನೋವು ಬರುತ್ತದೆ.

ಪಂಪು, ಒಂದು ಪಾನಾ, ಸೊಲ್ಯೂಷನ್, ರಬ್ಬರಿನ ತೇಪೆ, ಮರಳು ಕಾಗದ, ತುಂಡು ವಾಲ್‌ಟ್ಯೂಬು, ಇಷ್ಟು ಚಿಕ್ಕ ಚೀಲದಲ್ಲಿರಲಿ. ಬುತ್ತಿಯನ್ನು ಹ್ಯಾಂಡಲಿಗೆ ತೂಗಹಾಕಿದರೆ ತೂಗಾಡಿ ಮುಂದಿನ ಗಾಲಿಗೆ ತಗಲುತ್ತದೆ. ಕ್ಯಾರಿಯರ್ ಮೇಲೆ ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿಯಬೇಕು. ರೊಟ್ಟಿಯ ಗಂಟು, ಪಲ್ಯದ ಡಬ್ಬಿ ಬೇರೆ ಬೇರೆ ಇರಲಿ. ಒಗೆದ ಅಂಗಿ ಮತ್ತು ಟವೆಲನ್ನು ವಾರದ ಮೊದಲ ದಿನವೇ ಕೆಲಸದ ಸ್ಥಳದಲ್ಲಿ ಇಟ್ಟು ಬಂದರೆ ದಿನವೂ ಹೊರುವ ತೊಂದರೆ ಇಲ್ಲ. ಧೋತರದ ಕಚ್ಚೆ, ಪ್ಯಾಂಟಿನ ಅಂಚು ಚೈನಿಗೆ ಸಿಗದಂತೆ ಕಟ್ಟಿಕೊಳ್ಳಬೇಕು.

ತಾಯಂದಿರು ಮತ್ತು ಹೆಣ್ಣುಮಕ್ಕಳು

ಕರ್ನಾಟಕ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ತುಳಿದು ಶಾಲೆಗೆ ಹೋದ ದೃಶ್ಯ ನಮ್ಮ ಸೀಮೆಗೆ ಹೊಸದಾಗಿತ್ತು. ಅಂದಿನ ಎಷ್ಟೋ ಬಾಲಕಿಯರು ಇಂದು ಅಂಗನವಾಡಿಗೆ, ಅಂಗಡಿಗೆ, ಕಚೇರಿಗೆ ಹೋಗುವ ತಾಯಂದಿರು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಬಸ್ಸಿನ ಪ್ರಯಾಣ ಅವರಿಗೆ ಉಚಿತವಾಯಿತು. ಆದರೆ ಮನೆಯಿಂದ ಬಸ್ ನಿಲ್ದಾಣದವರೆಗಿನ ದಾರಿ ಉಳಿದೇ ಇದೆ. ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿರುವ ಆ ಸೈಕಲ್ಲನ್ನು ಗುಜರಿಗೆ ಹಾಕುವ ಬದಲು ಟಾಯರು-ಟ್ಯೂಬು ಹಾಕಿಸಿ, ಚೈನಿಗೆ ಮುಚ್ಚಳ, ಹಿಂದಿನ ಗಾಲಿಗೆ ಸೀರೆಯ ಸೆರಗು ಸಿಗದಂತೆ ಜಾಳಿಗೆ ಕೂಡಿಸಿದರೆ ಆ ದಾರಿಗೆ ಅದು ಸಾಕು. ಮನೆಯ ಹಿರಿಯರು ಇದಕ್ಕೆ ಸಂಕೋಚ ಪಡುವ ಕಾರಣವಿಲ್ಲ.

ದಾರಿಯ ಸುರಕ್ಷತೆ

ಎಲ್ಲ ಸಿದ್ಧತೆಯ ಮೇಲೆಯೂ ಒಂದು ಭಯ ಉಳಿಯುತ್ತದೆ. ಹುಬ್ಬಳ್ಳಿ-ಹೊಸಪೇಟೆ ಹೆದ್ದಾರಿ ಅಗಲವಾದ ಮೇಲೆ ವಾಹನಗಳ ವೇಗವೂ ಹೆಚ್ಚಿದೆ. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಗಾಡಿಗಳು ಕತ್ತಲಲ್ಲಿ ನಿಂತಿರುತ್ತವೆ. ಮನೆಯವರು ಸಂಜೆ ಬಾಗಿಲಲ್ಲಿ ಕಾಯುವಂತಾಗಬಾರದೆಂದರೆ ಕೆಲವು ನಿಯಮಗಳಲ್ಲಿ ಸಡಿಲಿಕೆ ಕೂಡದು. ಸೇವಾ ರಸ್ತೆ ಇದ್ದಲ್ಲಿ ಅದನ್ನೇ ಬಳಸುವುದು, ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಅಥವಾ ಪ್ರತಿಫಲಕ, ತಿಳಿಬಣ್ಣದ ಅಂಗಿ, ತಲೆಗೆ ಹೆಲ್ಮೆಟ್, ತಿರುಗುವ ಮೊದಲು ಕೈಸನ್ನೆ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಒಬ್ಬರೇ ಹೋಗುವುದಕ್ಕಿಂತ ಒಂದೇ ಊರಿನ ಮೂರು-ನಾಲ್ಕು ಜನ, ಒಬ್ಬರ ಹಿಂದೆ ಒಬ್ಬರಾಗಿ, ಕೂಡಿ ಹೋಗುವುದು ಕ್ಷೇಮ.

ಆದರೆ ದಾರಿಯ ಹೊಣೆಯೆಲ್ಲ ಸವಾರನದಲ್ಲ. ನೆದರ್ಲ್ಯಾಂಡ್ಸ್ ದೇಶದಲ್ಲಿ 1970ರ ದಶಕದಲ್ಲಿ ರಸ್ತೆ ಅಪಘಾತಗಳಿಗೆ ಮಕ್ಕಳು ಬಲಿಯಾಗುವುದನ್ನು ಕಂಡು ತಂದೆತಾಯಿಗಳು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟೂ ಅದಕ್ಕೆ ಕೂಡಿಕೊಂಡಿತು. ಆ ಬಳಿಕ ಅಲ್ಲಿ ಸೈಕಲ್ಲಿಗೆಂದೇ ದಾರಿಗಳು ಬೆಳೆದವು. ನಮ್ಮ ನಾಡಿನಲ್ಲಿಯೂ 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಸೈಕಲ್ ಯೋಜನೆ ಆರಂಭವಾಯಿತು. ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿತು.

ಅವಳಿ ನಗರದಲ್ಲಿ ಅಷ್ಟು ದೊಡ್ಡ ಯೋಜನೆಗೆ ಕಾಯಬೇಕಾಗಿಲ್ಲ. ಕಾರ್ಖಾನೆ, ಮುದ್ರಣಾಲಯ, ಕಚೇರಿಗಳ ಯಜಮಾನರು ನೆರಳಿರುವ ಒಂದು ಸ್ಟ್ಯಾಂಡು, ಕೈಕಾಲು ತೊಳೆಯಲು ನೀರು, ಅಂಗಿ ತೂಗಹಾಕಲು ಒಂದು ಗೂಟ, ಇಷ್ಟನ್ನು ಒದಗಿಸಲಿ. ಮಠ, ಶಾಲೆ, ಕಲ್ಯಾಣ ಮಂಟಪಗಳ ಬಾಗಿಲಲ್ಲಿ ಯಾರು ಬೇಕಾದರೂ ಬಳಸಬಹುದಾದ ಒಂದು ಪಂಪು ಇರಲಿ, ಇದೂ ದಾಸೋಹವೇ. ರಸ್ತೆಯ ಅಂಚಿನ ತಗ್ಗು ಮುಚ್ಚುವಂತೆ, ಬೀದಿದೀಪ ಹಚ್ಚುವಂತೆ ನಗರಸಭೆಯನ್ನು ಓಣಿಯ ಹಿರಿಯರು ಕೇಳಲಿ. ಮನೆಯಲ್ಲಿ ಸೈಕಲ್ ಇದ್ದವರು ಇಂದೇ ಸಂಜೆ ಅದನ್ನು ಅಂಗಳಕ್ಕೆ ತಂದು ಗಾಳಿ, ಬ್ರೇಕು, ಚೈನು, ದೀಪಗಳನ್ನು ನೋಡಲಿ. ನಾಳಿನ ಕಾಯಕಕ್ಕೆ ಅಲ್ಲಿಂದಲೇ ಆರಂಭ.