ಸನ್ಮಾನದ ಸಂಜೆ, ಪೇಟೆಯ ರಾತ್ರಿ



ಬೆಳೆಗಾರರನ್ನು ಕರೆದು ಸನ್ಮಾನಿಸುವ ಸಮಾರಂಭಗಳು ನಮ್ಮಲ್ಲಿ ಕಡಿಮೆಯೇನೂ ಇಲ್ಲ. ರಾಜ್ಯ ಸರ್ಕಾರದ ಕೃಷಿ ಪಂಡಿತ ಪ್ರಶಸ್ತಿಯಿದೆ. ನವೆಂಬರ್ 14ರಿಂದ 20ರವರೆಗಿನ ಸಹಕಾರ ಸಪ್ತಾಹ ಬಂದಿತೆಂದರೆ ಸಹಕಾರ ರತ್ನರ ಹೆಸರುಗಳು ಪತ್ರಿಕೆಯಲ್ಲಿ ಬರುತ್ತವೆ. ಕಾಫಿ ಮಂಡಳಿಯು 2002ರಲ್ಲಿ ಫೈನ್ ಕಪ್ ಪ್ರಶಸ್ತಿಯನ್ನು ಆರಂಭಿಸಿತು. ಇವಲ್ಲದೆ ಊರೂರಿನ ಸಂಘ ಸಂಸ್ಥೆಗಳು ಶಾಲು, ಹಾರ, ಫಲತಾಂಬೂಲ ಕೊಟ್ಟು ಗೌರವಿಸುವುದುಂಟು. ಇದರಿಂದ ಎರಡು ಮೂರು ಎಕರೆಯ ಬೆಳೆಗಾರನಿಗೆ ಆಗುವ ಉಪಯೋಗವೇನು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಳೆದ ಫೆಬ್ರವರಿಯಲ್ಲಿ ಹಾವೇರಿ ಸೀಮೆಗೆ ಹೋಗಿಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡದೆ ಕಾಡಿದ್ದರಿಂದ ಈ ಲೇಖನ.

ನಮ್ಮ ಸಂಘದ ಸದಸ್ಯರೊಬ್ಬರಿಗೆ ಹಾವೇರಿಯಲ್ಲಿ ಭಾನುವಾರ ಸಂಜೆ ಸನ್ಮಾನವಿತ್ತು. ಜೊತೆಗೆ ನಾನೂ ಹೋಗಿದ್ದೆ. ನಾಲ್ಕು ಗಂಟೆಗೆಂದಿದ್ದ ಸಭೆ ಆರಕ್ಕೆ ಆರಂಭವಾಯಿತು. ಭಾಷಣಗಳು ಮುಗಿದಾಗ ಒಂಬತ್ತು. ಇಪ್ಪತ್ತು ಜನರನ್ನು ಸಾಲಾಗಿ ನಿಲ್ಲಿಸಿ ಅರ್ಧ ಗಂಟೆಯಲ್ಲಿ ಶಾಲು ಹೊದಿಸಿದರು. ಯಾರು ಏನು ಬೆಳೆದರು, ಯಾವ ಗುಣಕ್ಕಾಗಿ ಈ ಗೌರವ ಎಂಬುದನ್ನು ಒಬ್ಬರೂ ಹೇಳಲಿಲ್ಲ. ನಮ್ಮ ಸದಸ್ಯರು ಕೆಳಗಿಳಿದು ಬಂದು, "ನನ್ನ ಕಾಫಿ ಚೆನ್ನಾಗಿದೆ ಅಂತ ಕೊಟ್ಟರೋ, ನಾನು ಚೆನ್ನಾಗಿದ್ದೇನೆ ಅಂತ ಕೊಟ್ಟರೋ?" ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ಅವರು ಮಾತ್ರ ನಗಲಿಲ್ಲ.

ಅವರ ಕೊರಳಲ್ಲಿದ್ದದ್ದು ಏಲಕ್ಕಿ ಹಾರ. ಹಾವೇರಿಯ ಏಲಕ್ಕಿ ಹಾರವೆಂದರೆ ನಾಡಿಗೆಲ್ಲ ಹೆಸರು. ಆದರೆ ಆ ಬಯಲುಸೀಮೆಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಹಿಂದಿನ ಕಾಲದಲ್ಲಿ ಘಟ್ಟದ ಏಲಕ್ಕಿಯನ್ನು ಅಲ್ಲಿಗೆ ತಂದು, ಅಲ್ಲಿನ ಬಾವಿಯ ನೀರಿನಲ್ಲಿ ಅಂಟುವಾಳದೊಡನೆ ತೊಳೆದು, ಬಿಳುಪು ಬರಿಸಿ, ಆರಿಸಿ ಮಾರಾಟಕ್ಕೆ ಕಳಿಸುತ್ತಿದ್ದರು. ಬೆಳೆದವರು ನಮ್ಮ ಕಡೆಯವರು, ಹೆಸರು ಬಂದದ್ದು ಹಾವೇರಿಗೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ತೊಳೆದು, ವಿಂಗಡಿಸಿ, ಇದು ಇಂಥ ದರ್ಜೆಯದು ಎಂದು ಹೇಳಬಲ್ಲವನಿಗೆ ಹೆಸರೂ ಬೆಲೆಯೂ ಸಲ್ಲುತ್ತವೆ.

ಆ ರಾತ್ರಿ ನಮಗೆ ಹಾವೇರಿಯ ಸಮೀಪದ ಅಗಡಿಯಲ್ಲಿ, ನಮ್ಮ ಸದಸ್ಯರ ನೆಂಟರ ಮನೆಯಲ್ಲಿ ವಸತಿ. ಅಗಡಿ ಕನ್ನಡಿಗರಿಗೆ ಅಪರಿಚಿತ ಊರಲ್ಲ. ಅಲ್ಲಿನ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ಕಾದಂಬರಿಕಾರ ಗಳಗನಾಥರು ನಡೆಸಿದರು. ತಮ್ಮ ಪುಸ್ತಕಗಳನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರೆಂದು ಅವರ ಖ್ಯಾತಿ. ತಮ್ಮ ಸರಕನ್ನು ಕೊಳ್ಳುವವನ ಕೈಗೆ ತಾವೇ ಕೊಟ್ಟವರು ಅವರು. ಓದುಗನ ಮಾತು ನೇರವಾಗಿ ಅವರ ಕಿವಿಗೇ ಬಿದ್ದಿರಬೇಕು. ಆ ಭಾಗ್ಯ ಕಾಫಿ ಬೆಳೆಯುವ ನಮಗಿಲ್ಲ.

ಊಟವಾಗುವ ಹೊತ್ತಿಗೆ ಮನೆಯವರು ಮೆಣಸಿನಕಾಯಿ ಚೀಲಗಳನ್ನು ಟೆಂಪೋಗೆ ಏರಿಸುತ್ತಿದ್ದರು. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಪೇಟೆ. ಸರಕು ಹಿಂದಿನ ರಾತ್ರಿಯೇ ಅಲ್ಲಿರಬೇಕು. ಬನ್ನಿ ಎಂದರು, ಹೊರಟೆವು.

ಸಣ್ಣ ಊರುಗಳಲ್ಲಿ ರಾತ್ರಿಯ ಜೀವನವೇ ಇಲ್ಲವೆನ್ನುವವರು ಸುಗ್ಗಿಯಲ್ಲಿ ಒಮ್ಮೆ ಬ್ಯಾಡಗಿಯನ್ನು ನೋಡಬೇಕು. ನಡುರಾತ್ರಿಯಲ್ಲಿ ಲಾರಿ, ಟ್ರ್ಯಾಕ್ಟರುಗಳ ಸಾಲು. ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದ ಬಂದ ರೈತರು. ಚಹದಂಗಡಿಯಲ್ಲಿ ಗಿರಮಿಟ್ಟು, ಮಿರ್ಚಿ ಭಜಿ. ಖಾನಾವಳಿಯಲ್ಲಿ ಬಿಸಿ ರೊಟ್ಟಿ. ಗಾಳಿಯಲ್ಲೆಲ್ಲ ಘಾಟು. ಹೊಸಬರಾದ ನಾವು ಸೀನುವುದನ್ನು ನೋಡಿ ಹಮಾಲರಿಗೆ ತಮಾಷೆ. ಮೂಗಿಗೆ ಟವೆಲ್ ಸುತ್ತಿಕೊಂಡು ಚೀಲಗಳ ಮೇಲೆಯೇ ಮಲಗಿದವರು ಅನೇಕರು. ಆದರೆ ನಿದ್ದೆ ಮಾಡುತ್ತಿದ್ದವರು ಕಡಿಮೆ. ನಾಳೆ ದರ ಏನಾದೀತು ಎಂಬ ಒಂದೇ ಮಾತು. ಸಂಜೆಯ ಸಭೆಯಲ್ಲಿ ಇಲ್ಲದ ಆತಂಕ ಇಲ್ಲಿ ಪ್ರತಿಯೊಬ್ಬನ ಮುಖದಲ್ಲಿತ್ತು.

ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಕಡ್ಡಿ, ಡಬ್ಬಿ ಎಂಬ ಎರಡು ಬಗೆ. ಅದರಿಂದ ತೆಗೆದ ಬಣ್ಣದ ಎಣ್ಣೆ ತಿಂಡಿತಿನಿಸಿಗಷ್ಟೇ ಅಲ್ಲದೆ ತುಟಿಬಣ್ಣಕ್ಕೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಬೆಳಿಗ್ಗೆ ಖರೀದಿದಾರರು ರಾಶಿಯಿಂದ ರಾಶಿಗೆ ನಡೆದು, ಕಾಯಿ ಹಿಡಿದು, ಮುರಿದು ನೋಡಿ ಟೆಂಡರಿನಲ್ಲಿ ದರ ನಮೂದಿಸುತ್ತಾರೆ. ನಮ್ಮ ಆತಿಥೇಯರದು ಒಂದೇ ಹೊಲದ ಎರಡು ರಾಶಿ. ಬಣ್ಣ ನೋಡಿ ಆರಿಸಿ, ಹದವಾಗಿ ಒಣಗಿಸಿದ್ದಕ್ಕೆ ಕ್ವಿಂಟಲಿಗೆ ಸಾವಿರಾರು ರೂಪಾಯಿ ಹೆಚ್ಚು ಬಂದಿತು. ಪಕ್ಕದ ರೈತರೊಬ್ಬರಿಗೆ ನಿರೀಕ್ಷೆಯ ಅರ್ಧವೂ ಬರಲಿಲ್ಲ. ಏಕೆಂದು ಕೇಳಿದರೆ ಉತ್ತರ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಇದೇ ಪೇಟೆಯಲ್ಲಿ 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ರೈತರು ಸಿಟ್ಟಿಗೆದ್ದು, ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ವರ್ಷದ ದುಡಿಮೆಗೆ ಕಾರಣ ಹೇಳದೆ ತೀರ್ಪು ಕೊಟ್ಟರೆ ಮನುಷ್ಯನ ಮನಸ್ಸು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ನಾವೂ ತಿಳಿದಿರಬೇಕು.

ಒಂದು ಕಡೆ ಕಾರಣ ಹೇಳದ ಹೊಗಳಿಕೆ, ಇನ್ನೊಂದು ಕಡೆ ಕಾರಣ ಹೇಳದ ದರ. ಎರಡೂ ಬೆಳೆಗಾರನಿಗೆ ಏನನ್ನೂ ಕಲಿಸುವುದಿಲ್ಲ. ಕಾಫಿಯ ರುಚಿ ಪರೀಕ್ಷೆಯ ಬೆಲೆ ಇರುವುದು ಇಲ್ಲಿಯೇ. ಬೆಳೆಗಾರನ ಹೆಸರು ಮುಚ್ಚಿಟ್ಟು, 150 ಮಿಲಿಲೀಟರ್ ನೀರಿಗೆ ಎಂಟೂಕಾಲು ಗ್ರಾಂ ಪುಡಿಯ ಅಳತೆಯಲ್ಲಿ, ಒಂದೇ ಮಾದರಿಯ ಐದು ಬಟ್ಟಲುಗಳನ್ನು ಸವಿದು ನೂರಕ್ಕೆ ಅಂಕ ಕೊಡುತ್ತಾರೆ. 80 ದಾಟಿದರೆ ವಿಶೇಷ ದರ್ಜೆ. ಅಂಕಕ್ಕಿಂತ ಮುಖ್ಯವಾದದ್ದು ಜೊತೆಯ ಟಿಪ್ಪಣಿ. ಒಗರಿದ್ದರೆ ಎಳೆಕಾಯಿ ಸೇರಿದೆಯೆಂದು ಅನುಮಾನಿಸಬಹುದು. ಹುಳಿತ ವಾಸನೆಯಿದ್ದರೆ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟಿರಬಹುದು. ಮುಗ್ಗಲು ಬಂದರೆ ಕಣ ಅಥವಾ ಗೋದಾಮನ್ನು ನೋಡಬೇಕು. ಮುಂದಿನ ವರ್ಷ ಏನು ತಿದ್ದಬೇಕೆಂಬುದು ಕೈಗೆ ಸಿಗುತ್ತದೆ.

ನಮ್ಮಲ್ಲಿ ಹೆಚ್ಚಿನವರ ಚೆರಿ ಮನೆಯಂಗಳದಿಂದ ನೇರವಾಗಿ ವ್ಯಾಪಾರಿಯ ಗೋದಾಮಿಗೆ ಹೋಗಿ ಹತ್ತು ಜನರದರೊಡನೆ ಬೆರೆಯುತ್ತದೆ. ಮೂವತ್ತು ವರ್ಷ ಕಾಫಿ ಬೆಳೆದು ತನ್ನ ಕಾಫಿಯ ರುಚಿ ಏನೆಂದು ತಿಳಿಯದವರು ನಮ್ಮ ಸಂಘದಲ್ಲೇ ಬಹಳ ಮಂದಿ ಇದ್ದಾರೆ. ದೊಡ್ಡ ಎಸ್ಟೇಟಿನವರಿಗೆ ಇದು ತಿಳಿದಿದೆ, ಆದ್ದರಿಂದ ಅವರು ಬೆಲೆ ಕೇಳುತ್ತಾರೆ. ನಾವು ಕೊಟ್ಟಷ್ಟು ತೆಗೆದುಕೊಳ್ಳುತ್ತೇವೆ.

ಪ್ರಶಸ್ತಿ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗದ ಮೇಲೆ ಸುರಂಗ ತೋಡಿ ನೀರು ಕಂಡು ಅಡಿಕೆ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮಗೆಲ್ಲ ಸಂತೋಷವಾಯಿತು. ಅಲ್ಲಿ ನೀರು ಮೊದಲು, ಪದಕ ಆಮೇಲೆ. ಯಾವುದಕ್ಕಾಗಿ ಗೌರವ ಎಂಬುದು ಎಲ್ಲರಿಗೂ ಗೊತ್ತು.

ಆದ್ದರಿಂದ ಸದಸ್ಯರಲ್ಲಿ ನನ್ನ ಕೋರಿಕೆ. ಈ ಸಲದ ಕೊಯ್ಲಿನಲ್ಲಿ ಹಣ್ಣನ್ನು ಮಾತ್ರ ಆರಿಸಿ ಕೊಯ್ದ ಒಂದು ಭಾಗವನ್ನು ಬೇರೆಯಾಗಿ ಒಣಗಿಸಿರಿ. ಅದರಿಂದ ಒಂದು ಕಿಲೋ ಮಾದರಿಯನ್ನು ಸಂಘದ ಕಚೇರಿಗೆ ತಂದುಕೊಡಿರಿ. ತಳಿ, ಕೊಯ್ದ ದಿನಾಂಕ, ಒಣಗಿಸಿದ ಕ್ರಮ ಇಷ್ಟನ್ನು ಚೀಟಿಯಲ್ಲಿ ಬರೆದಿದ್ದರೆ ಸಾಕು. ಎಲ್ಲವನ್ನೂ ಒಟ್ಟಾಗಿ ಪರೀಕ್ಷೆಗೆ ಕಳಿಸಿ, ಬಂದ ಟಿಪ್ಪಣಿಯನ್ನು ಅವರವರ ಕೈಗೇ ಕೊಡಲಾಗುವುದು. ಅಡಿಕೆಯವರೂ ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಕೊಟ್ಟಾಗ, ದರ ಕಡಿಮೆಯಾದರೆ ಅದರ ಕಾರಣವನ್ನು ಚೀಟಿಯಲ್ಲಿ ಬರೆಸಿಕೊಳ್ಳಲಿ. ಕೇಳುವುದು ನಿಮ್ಮ ಹಕ್ಕು, ಹೇಳಿಸುವುದು ಸಂಘದ ಕರ್ತವ್ಯ.

ಮಾದರಿಗಳನ್ನು ಕೊಯ್ಲು ಮುಗಿದ ಹದಿನೈದು ದಿನಗಳೊಳಗೆ ಕಚೇರಿಯ ವೇಳೆಯಲ್ಲಿ ಸ್ವೀಕರಿಸಲಾಗುವುದು.

— ಕಾರ್ಯದರ್ಶಿ