ನಾಲ್ಕು ಹಾಳೆ ಕೂಡುವಲ್ಲಿ ಭೂಗೋಳದ ಡಿಗ್ರಿ

ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಟೋಪೋಶೀಟ್‌ಗಳಲ್ಲಿ ಆಂಧ್ರದ ಗಡಿಯ ಮಡಕಶಿರಾ ತಾಲ್ಲೂಕನ್ನು ಪೂರ್ತಿ ನೋಡಬೇಕೆಂದರೆ ಒಂದು ಹಾಳೆ ಸಾಲದು. 14 ಡಿಗ್ರಿ ಅಕ್ಷಾಂಶವೂ 77 ಡಿಗ್ರಿ ರೇಖಾಂಶವೂ ಒಂದನ್ನೊಂದು ಕತ್ತರಿಸುವ ಬಿಂದು ಅಲ್ಲಿನ ಅಮರಾಪುರದಿಂದ ತುಸು ದಕ್ಷಿಣಕ್ಕಿದೆ. 57ಬಿ, 57ಸಿ, 57ಎಫ್, 57ಜಿ ಎಂಬ ನಾಲ್ಕು ವಿಭಾಗಗಳು ಕೂಡುವುದು ಅಲ್ಲೇ. ಅಮರಾಪುರ 57ಬಿ/16ರ ಬಲ ಅಂಚಿಗೆ ಒತ್ತಿಕೊಂಡು ಕೂತಿದೆ. ಊರು ದಾಟಿ ಪೂರ್ವಕ್ಕೆ ಸ್ವಲ್ಪ ನಡೆದರೆ ಹಾಳೆ ಮುಗಿಯುತ್ತದೆ, 57ಎಫ್/4 ಬಿಚ್ಚಬೇಕು. ಮಡಕಶಿರಾ ಪಟ್ಟಣಕ್ಕೆ 57ಜಿ. ಭೂಗೋಳ ಓದುವ ಹುಡುಗ ಹುಡುಗಿಯರಿಗೆ ಹುಟ್ಟೂರೇ ಇಂಥ ಪಾಠ ಒದಗಿಸಿದರೆ ಮೇಷ್ಟ್ರಿಗೆ ಅರ್ಧ ಕೆಲಸ ಉಳಿಯಿತು.

ಮಡಕಶಿರಾದ ಅಮರಾಪುರ, ರೊಳ್ಳ, ಅಗಳಿ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಡಿಗ್ರಿಯ ದಾರಿ ಎರಡಾಗಿ ಒಡೆಯುತ್ತದೆ. ಒಂದು ಶಿರಾ, ಹಿರಿಯೂರು, ತುಮಕೂರಿನತ್ತ. ಇನ್ನೊಂದು ಅನಂತಪುರದತ್ತ, 1981ರಲ್ಲಿ ಸ್ಥಾಪನೆಯಾದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿರುವ ಕಡೆಗೆ. ಎರಡೂ ಕಡೆ ಬಿ.ಎ. ಎಂದೇ ಕರೆದರೂ ಒಳಗಿನ ಕಟ್ಟುಪಾಡು ಬೇರೆ.

ಕರ್ನಾಟಕದಲ್ಲಿ ಭೂಗೋಳ ಸಾಮಾನ್ಯವಾಗಿ ಒಂಟಿಯಾಗಿ ಸಿಗುವುದಿಲ್ಲ, ಕಾಂಬಿನೇಶನ್ನಿನಲ್ಲಿ ಬರುತ್ತದೆ. ಪದವಿ ಕಾಲೇಜುಗಳಲ್ಲಿ ಹೆಚ್ಚು ಕೇಳಿಬರುವುದು ಎಚ್‌ಇಜಿ: ಇತಿಹಾಸ, ಅರ್ಥಶಾಸ್ತ್ರ, ಭೂಗೋಳ. ಕೆಲವೆಡೆ ಬಿ.ಎಸ್ಸಿ.ಯಲ್ಲೂ ಉಂಟು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷ, ಮೂರು ವಿಷಯಕ್ಕೆ ಮರಳಿತು. ಅಕ್ಕ ಓದಿದ ಪಠ್ಯಕ್ರಮ ತಂಗಿಗೆ ಸಿಗದಷ್ಟು ಬೇಗ ಇವು ಬದಲಾದವು. ಪತ್ರಿಕೆಗಳ ಹೆಸರು, ಕ್ರೆಡಿಟ್‌ಗಳ ಲೆಕ್ಕ ಏನೇ ಆಗಲಿ, ಸಾಗುವ ಕ್ರಮ ಮಾತ್ರ ಹೆಚ್ಚುಕಡಿಮೆ ಹಳೆಯದೇ. ಮೊದಲು ಭೂಸ್ವರೂಪ, ವಾಯುಗುಣ. ಆಮೇಲೆ ಮಾನವ ಭೂಗೋಳ, ಆರ್ಥಿಕ ಭೂಗೋಳ. ಕೊನೆಗೆ ಭಾರತ, ಕರ್ನಾಟಕ, ದೂರಸಂವೇದನೆ, ಜಿಐಎಸ್. ಇದರ ಪಕ್ಕದಲ್ಲೇ ಪ್ರಾಕ್ಟಿಕಲ್.

ನನ್ನನ್ನು ಕೇಳಿದರೆ ಈ ಡಿಗ್ರಿಯ ಜೀವ ಇರುವುದು ಪ್ರಾಕ್ಟಿಕಲ್ಲಿನಲ್ಲೇ. ಕಲಾ ವಿಭಾಗದ ಬಹುಪಾಲು ವಿಷಯಗಳು ನೋಟ್ಸು ಬರೆಸಿಕೊಂಡು ಮುಗಿಯುತ್ತವೆ. ಭೂಗೋಳದವರಿಗೆ ಮಾತ್ರ ಸ್ಕೇಲು, ಪೆನ್ಸಿಲು, ರೆಕಾರ್ಡು. ಸಮೋನ್ನತಿ ರೇಖೆಗಳಿಂದ ಪಾರ್ಶ್ವಚಿತ್ರ ತೆಗೆಯುವ ಅಭ್ಯಾಸವನ್ನೇ ನೋಡಿ. ಟೋಪೋಶೀಟಿನ ಮೇಲೆ ಎ ಬಿಂದುವಿನಿಂದ ಬಿ ಬಿಂದುವಿಗೆ ಗೆರೆ ಎಳೆದು, ಅದರುದ್ದಕ್ಕೂ ಕಾಗದದ ಪಟ್ಟಿಯೊಂದನ್ನು ಇಟ್ಟು, ಪ್ರತಿಯೊಂದು ರೇಖೆ ದಾಟಿದಲ್ಲಿ ಗುರುತು ಹಾಕಿ ಎತ್ತರ ಬರೆದುಕೊಳ್ಳಬೇಕು. ಆ ಪಟ್ಟಿಯನ್ನು ಗ್ರಾಫ್ ಹಾಳೆಯ ಬುಡಕ್ಕಿಟ್ಟು ಒಂದೊಂದೇ ಬಿಂದು ಮೇಲಕ್ಕೆ ಎತ್ತಿ ಜೋಡಿಸಿದರೆ ಬೆಟ್ಟ ಮೂಡುತ್ತದೆ. 1:50,000 ನಕ್ಷೆಯಲ್ಲಿ ಒಂದು ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರ್. ಎತ್ತರಕ್ಕೆ ಒಂದು ಸೆಂ.ಮೀ.ಗೆ 100 ಮೀಟರ್ ಇಟ್ಟುಕೊಂಡರೆ ಮಡಕಶಿರಾದ ಕೋಟೆಬೆಟ್ಟ ನಿಜಕ್ಕಿಂತ ಐದು ಪಟ್ಟು ಕಡಿದಾಗಿ ಕಾಣುತ್ತದೆ. ವೈವಾದಲ್ಲಿ ಎಕ್ಸ್‌ಟರ್ನಲ್ ಎಕ್ಸಾಮಿನರು ಕೇಳುವುದು ಇದನ್ನೇ: ಲಂಬ ಉತ್ಪ್ರೇಕ್ಷೆ ಎಷ್ಟು? ಚಿತ್ರ ಚೆಂದ ಬರೆದವರೂ ಇಲ್ಲಿ ತಡವರಿಸುತ್ತಾರೆ.

ಅದೇ ಹಾಳೆಗಳ ಮೇಲೆ ಹಳ್ಳಗಳಿಗೆ ನೀಲಿ ಪೆನ್ಸಿಲ್ ಎಳೆದರೆ ಇನ್ನೊಂದು ಸಂಗತಿ ಬಿಚ್ಚಿಕೊಳ್ಳುತ್ತದೆ. ಪಶ್ಚಿಮದಂಚಿನ ನೀರು ವೇದಾವತಿ ಸೇರಿ, ತುಂಗಭದ್ರೆಯ ಮೂಲಕ ಕೃಷ್ಣೆಗೆ. ಪೂರ್ವದ ಜಯಮಂಗಲಿಯ ನೀರು ಪರಿಗಿಯ ಬಳಿ ಪೆನ್ನಾರಿಗೆ. ಜಲವಿಭಾಜಕ ಅಂದರೆ ಏನೆಂದು ಪುಸ್ತಕದ ವ್ಯಾಖ್ಯೆ ಉರು ಹೊಡೆಯುವುದಕ್ಕಿಂತ ಇದು ವಾಸಿ. ಮಳೆಯ ಪಾಠಕ್ಕೂ ದೂರ ಹೋಗಬೇಕಿಲ್ಲ. ಪಶ್ಚಿಮ ಘಟ್ಟದ ಮಳೆನೆರಳು ಒಂದು ಕಡೆ, ಬಂಗಾಳ ಕೊಲ್ಲಿಯ ಚಂಡಮಾರುತ ಇಲ್ಲಿಗೆ ಮುಟ್ಟುವಷ್ಟರಲ್ಲಿ ಸೊರಗುವುದು ಇನ್ನೊಂದು ಕಡೆ. ಹಳೆಯ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ 550 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ. ಇಂಥ ಸೀಮೆಯಲ್ಲೂ ನೊಳಂಬರು ಹೆಂಜೇರು ಎಂಬ ರಾಜಧಾನಿ ಕಟ್ಟಿದರು, ಇಂದಿನ ಹೇಮಾವತಿಯಲ್ಲಿ, ಅಮರಾಪುರ ಮಂಡಲದೊಳಗೆ. ನೀರು ಕಡಿಮೆ ಇರುವಲ್ಲಿ ಪಟ್ಟಣ ಯಾಕೆ ಎದ್ದಿತು ಎಂಬುದು ಒಳ್ಳೆಯ ಫೀಲ್ಡ್ ರಿಪೋರ್ಟಿಗೆ ವಸ್ತು. ಆದರೆ ಟೂರ್ ಎಂದೊಡನೆ ಊಟಿಗೆ ಬಸ್ ಮಾಡುವುದು ನಮ್ಮ ಕಾಲೇಜುಗಳ ಅಭ್ಯಾಸ.

ಆಂಧ್ರದ ಕಡೆ 2023-24ರಲ್ಲಿ ಒಂದೇ ಮೇಜರ್ ಪದ್ಧತಿ ಬಂತು, ಜೊತೆಗೊಂದು ಮೈನರ್. ಭೂಗೋಳವನ್ನೇ ಆಳವಾಗಿ ಓದುವವರಿಗೆ ಕಾಗದದ ಮೇಲೆ ಇದು ಅನುಕೂಲವೇ ಆಗಿತ್ತು. ತೊಡಕು ಮಾಧ್ಯಮದ್ದು: 2021-22ರಿಂದ ಅಲ್ಲಿ ಡಿಗ್ರಿ ತರಗತಿಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಲು ಸರ್ಕಾರ ಆದೇಶಿಸಿತು. ಕನ್ನಡದಲ್ಲಿ ‘ಮೆಕ್ಕಲು ಮಣ್ಣು’ ಬರೆದ ಕೈಗೆ ಒಮ್ಮೆಲೇ ‘ಅಲ್ಲೂವಿಯಲ್’ ಬರೆಯುವ ಪಾಡು. ಕರ್ನಾಟಕದಲ್ಲಿ ಬಿ.ಎ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಗಡಿಯ ಮಕ್ಕಳು ಈಚೆ ಬರಲು ಇದೂ ದೊಡ್ಡ ಕಾರಣ.

ಬಂದ ಮೇಲೆ ‘ಕರ್ನಾಟಕದ ಭೂಗೋಳ’ ಪತ್ರಿಕೆ ಎದುರಾಗುತ್ತದೆ. ರಾಜ್ಯದ ನಕ್ಷೆ ಬರೆಯುವಾಗ ಎಲ್ಲರೂ ಎಡವುವ ಮೂಲೆ ಪಾವಗಡ. ತುಮಕೂರು ಜಿಲ್ಲೆಗೇ ಸೇರಿದ್ದರೂ ಉಳಿದ ಜಿಲ್ಲೆಯಿಂದ ಬೇರ್ಪಟ್ಟು ನಿಂತಿರುವ ತಾಲ್ಲೂಕು ಅದು. ಮಧುಗಿರಿಯಿಂದ ಅಲ್ಲಿಗೆ ನೇರ ಹೋಗುವ ಬಸ್ಸು ಆಂಧ್ರದ ನೆಲ ತುಳಿದೇ ಹೋಗಬೇಕು. ಶಿರಾಕ್ಕೂ ಪಾವಗಡಕ್ಕೂ ನಡುವೆ ಖಾಲಿ ಬಿಡುವ ಆ ಬಿಳಿ ಜಾಗದಲ್ಲೇ ಅಮರಾಪುರವಿದೆ. ಗೆರೆ ರಾಜ್ಯದ್ದಾದರೂ ಬಂಡೆ, ಕೆಂಪು ಮಣ್ಣು, ಹಳ್ಳ ಎರಡೂ ಬದಿಗೆ ಒಂದೇ. ಪಠ್ಯಕ್ರಮ ಸಮಿತಿಗಳು ಪ್ರಾದೇಶಿಕ ಅಧ್ಯಯನವನ್ನು ರಾಜ್ಯದ ಬದಲು ನದಿ ಕಣಿವೆಯ ಲೆಕ್ಕದಲ್ಲಿ ಕಟ್ಟಿದರೆ ಈ ಖಾಲಿ ಜಾಗ ತಾನೇ ತುಂಬುತ್ತದೆ.

ಸೇರಬಯಸುವವರಿಗೆ ಒಂದು ಮಾತು. ಆಂಧ್ರದ ಇಂಟರ್‌ಮೀಡಿಯಟ್ ಮುಗಿಸಿ ಕರ್ನಾಟಕಕ್ಕೆ ಬರುವವರು ಮೈಗ್ರೇಶನ್ ಸರ್ಟಿಫಿಕೇಟನ್ನೂ ವಿಶ್ವವಿದ್ಯಾಲಯದ ಅರ್ಹತಾ ಪತ್ರವನ್ನೂ ಮೊದಲೇ ಮಾಡಿಸಿಕೊಳ್ಳಬೇಕು; ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಪ್ರಯೋಜನವಿಲ್ಲ. ಕಾಲೇಜು ಆರಿಸುವಾಗ ಫಲಿತಾಂಶದ ಬೋರ್ಡಿಗಿಂತ ಮುಂಚೆ ಪ್ರಾಕ್ಟಿಕಲ್ ಕೋಣೆಯ ಬಾಗಿಲು ತೆಗೆಸಿ ನೋಡಿ: ಪ್ಲೇನ್ ಟೇಬಲ್ ಇದೆಯೇ, ಪ್ರಿಸ್ಮ್ಯಾಟಿಕ್ ಕಂಪಾಸ್ ಇದೆಯೇ, ಕಂಪ್ಯೂಟರಿನಲ್ಲಿ ಜಿಐಎಸ್ ತಂತ್ರಾಂಶ ನಿಜಕ್ಕೂ ತೆರೆಯುತ್ತದೆಯೇ, ಟೋಪೋಶೀಟ್‌ಗಳು ಬೀರುವಿನಲ್ಲಿ ಮಡಿಚಿದಂತೆಯೇ ಇವೆಯೋ, ಮಕ್ಕಳ ಕೈ ತಾಗಿ ಅಂಚು ಹರಿದಿವೆಯೋ. ಅಂಚು ಹರಿದಿರುವ ಕಾಲೇಜಿಗೇ ಸೇರಿ.